ಪದಗಳ ವಹಿ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯ ಪೀರನವಾಡಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಇಂಥ ಊರಿನಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿದ ಮಕ್ಕಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಹಿಡಿಯಬೇಕು. ಗೊತ್ತಿದ್ದ ಪಾಠವೇ ಗುರುತು ಸಿಗದಂತಾಗುತ್ತದೆ. ಆಗ ಕೈಹಿಡಿಯುವುದು ಪದಗಳ ವಹಿ: ಒಂದು ಕಡೆ ಇಂಗ್ಲಿಷ್ ಪದ, ಪಕ್ಕದಲ್ಲಿ ಕನ್ನಡ ಪದ, ಕೊನೆಗೊಂದು ಚಿತ್ರ. ಈ ವಹಿಯ ಮೇಲೆ ನನಗೆ ಬಹಳ ಪ್ರೀತಿ.

‘ಕ್ಲೋರೋಫಿಲ್’ ನೋಡಿ. ಗ್ರೀಕಿನಲ್ಲಿ ಕ್ಲೋರೋಸ್ ಎಂದರೆ ತಿಳಿಹಸಿರು, ಫಿಲ್ಲೋನ್ ಎಂದರೆ ಎಲೆ. ನಮ್ಮ ‘ಪತ್ರಹರಿತ್ತು’ ಹೇಳುವುದೂ ಅದನ್ನೇ. ‘ಸ್ಟೊಮಾ’ ಎಂದರೆ ಬಾಯಿ. ಎಲೆಯ ಅಡಿಭಾಗದ ಪೊರೆಯನ್ನು ತೆಳುವಾಗಿ ಸುಲಿದು, ಒಂದು ಹನಿ ನೀರು ಹಾಕಿ, ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ ಎರಡೆರಡು ಕಾವಲು ಕೋಶಗಳು ತುಟಿಗಳಂತೆಯೇ ಕಾಣುತ್ತವೆ. ಆ ತುಟಿ ಕಂಡ ಹುಡುಗಿ ‘ಪತ್ರರಂಧ್ರ’ವನ್ನೂ ಮರೆಯಳು, ‘ಸ್ಟೊಮಾಟಾ’ವನ್ನೂ ಮರೆಯಳು.

ನಿಜವಾಗಿ ಕಾಡುವುದು ಉದ್ದದ ಪದಗಳಲ್ಲ, ಪರಿಚಯದವು. ‘ಪವರ್’ ಗಣಿತದಲ್ಲಿ ಘಾತ, ಭೌತಶಾಸ್ತ್ರದಲ್ಲಿ ಸಾಮರ್ಥ್ಯ, ರಾಜ್ಯಶಾಸ್ತ್ರದಲ್ಲಿ ಅಧಿಕಾರ. ಮನೆಯಲ್ಲಿ ಬರೀ ಕರೆಂಟು. ಒಳ್ಳೆಯ ಮಾಸ್ತರರು ಇದೊಂದೇ ಪದಕ್ಕೆ ಇಡೀ ಪುಟ ಮೀಸಲಿಡಿಸಿ, ಒಂದೊಂದು ಅರ್ಥಕ್ಕೂ ಒಂದೊಂದು ವಾಕ್ಯ ಬರೆಸುತ್ತಾರೆ. ಮರಾಠಿ ಮನೆಯ ಹುಡುಗ ‘ಕ್ಲೋರೋಫಿಲ್’ ಪುಟದ ಅಂಚಿನಲ್ಲಿ ತನ್ನ ಮನೆಮಾತಿನ ‘ಹರಿತದ್ರವ್ಯ’ ಎಂದು ಸೇರಿಸಿಕೊಂಡರೆ, ಅದನ್ನೂ ಗಟ್ಟಿಯಾಗಿ ಓದಿಸುತ್ತಾರೆ.