ಕ್ಷೀರದಧಿದೃಷ್ಟಾಂತವೂ ಸೂಕ್ಷ್ಮಜೀವಿಗಳೂ

೧

ಹಾಲು ಮೊಸರಾಗುವುದು, ರುಬ್ಬಿದ ಹಿಟ್ಟು ಹುದುಗಿ ಉಬ್ಬುವುದು, ಕಬ್ಬಿನ ಹಾಲು ಹುಳಿತು ಮದ್ಯವಾಗುವುದು, ಬಿದ್ದ ಎಲೆ ಕೊಳೆತು ಗೊಬ್ಬರವಾಗುವುದು, ಇವೆಲ್ಲವೂ ಬರಿಯ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ವ್ಯಾಪಾರವೆಂಬುದು ಈಗ ಸರ್ವಸಮ್ಮತವಾದ ವಿಷಯ. ಹಾಲೆಂಡಿನ ಡೆಲ್ಫ್ಟ್ ನಗರದ ಲೇವನ್‌ಹುಕ್ ಎಂಬಾತನು ತಾನೇ ಉಜ್ಜಿ ಮಾಡಿದ ಮಸೂರದ ಮೂಲಕ ಇವುಗಳನ್ನು ಕಂಡು, ಕ್ರಿ. ಶ. ೧೬೭೬ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದನು. ಈ ಜ್ಞಾನವು ಪ್ರಾಚೀನ ಭಾರತೀಯರಿಗೆ ಮೊದಲೇ ಇದ್ದಿತೆ ಎಂಬ ಪ್ರಶ್ನೆಯು ಆಗಾಗ ಉತ್ಥಿತವಾಗುತ್ತದೆ. "ಇದ್ದಿತು" ಎಂದು ನಿಸ್ಸಂದೇಹವಾಗಿ ಉತ್ತರಿಸುವವರೂ ಉಂಟು. ವೇದದಲ್ಲಿ ಅದೃಶ್ಯಕ್ರಿಮಿಗಳ ಮಾತಿದೆ, ಆಯುರ್ವೇದದಲ್ಲಿ ರಕ್ತದೊಳಗಿನ ಕ್ರಿಮಿಗಳ ಮಾತಿದೆ, ಸಂಸರ್ಗದಿಂದ ಹರಡುವ ರೋಗಗಳ ಮಾತಿದೆ; ಇನ್ನು ಬೇಕಾದುದೇನು ಎಂಬುದು ಅವರ ಪಕ್ಷ. ಈ ಪಕ್ಷವು ಶಾಸ್ತ್ರಗೌರವದಿಂದ ಹುಟ್ಟಿದುದೇ ಆದರೂ, ಶಾಸ್ತ್ರವಾಕ್ಯಗಳನ್ನು ಪೂರ್ವಾಪರಸಹಿತವಾಗಿ ನೋಡಿದರೆ ಅದು ನಿಲ್ಲುವಂತೆ ಕಾಣುವುದಿಲ್ಲ. ನಿಲ್ಲದಿರುವುದು ಮಾತ್ರವಲ್ಲ; ಯಾರನ್ನು ಗೌರವಿಸಹೊರಟಿದೆಯೋ ಅವರಿಗೇ ದೋಷವನ್ನು ತಂದೊಡ್ಡುತ್ತದೆ. ಅದನ್ನು ಕ್ರಮವಾಗಿ ಪರೀಕ್ಷಿಸಬಹುದು.

೨

ಮೊದಲು ಕ್ರಿಮಿಶಬ್ದ. ಅಥರ್ವವೇದದ ಎರಡನೆಯ ಕಾಂಡದ ೩೧, ೩೨ನೆಯ ಸೂಕ್ತಗಳೂ ಐದನೆಯ ಕಾಂಡದ ೨೩ನೆಯ ಸೂಕ್ತವೂ ಕ್ರಿಮಿನಾಶನಪರವಾದುವು. ಕಾಣುವ ಕ್ರಿಮಿಯನ್ನೂ ಕಾಣದ ಕ್ರಿಮಿಯನ್ನೂ ಕೊಂದೆನೆಂದು ಅಲ್ಲಿ ಹೇಳಿರುವುದು ನಿಜ. ಉದಯಿಸುವ ಸೂರ್ಯನು ತನ್ನ ಕಿರಣಗಳಿಂದ ಅವುಗಳನ್ನು ಕೊಲ್ಲಲೆಂಬ ಪ್ರಾರ್ಥನೆಯೂ ಇದೆ. ಆದರೆ ಅದೇ ಸೂಕ್ತಗಳಲ್ಲಿ ಆ ಕ್ರಿಮಿಗಳಿಗೆ ನಾಲ್ಕು ಕಣ್ಣು, ಮೂರು ತಲೆ, ಬಿಳಿಯ ಮತ್ತು ಚಿತ್ರವರ್ಣದ ಮೈ ಇವೆ. ಅವುಗಳಿಗೆ ಒಬ್ಬ ರಾಜನೂ, ತಾಯಿಯೂ, ಸೋದರ ಸೋದರಿಯರೂ ಇದ್ದಾರೆ. ಇಲ್ಲಿ "ಕಾಣದ" ಎಂಬುದಕ್ಕೆ ಕರುಳಿನಲ್ಲಿಯೋ ತಲೆಯಲ್ಲಿಯೋ ಅಡಗಿರುವ ಎಂಬ ಅರ್ಥವು ಸಹಜವಾಗಿ ಕೂಡುತ್ತದೆಯೇ ಹೊರತು, ಸ್ವರೂಪದಿಂದಲೇ ಕಣ್ಣಿಗೆ ಅಗೋಚರವಾದ ಎಂಬ ಅರ್ಥಕ್ಕೆ ಬಲವಾದ ಪ್ರಮಾಣವಿಲ್ಲ.

ಚರಕಸಂಹಿತೆಯ ವಿಮಾನಸ್ಥಾನದ ಏಳನೆಯ ಅಧ್ಯಾಯದ ಸ್ಥಿತಿ ಬೇರೆ. ಅಲ್ಲಿ ಇಪ್ಪತ್ತು ಬಗೆಯ ಕ್ರಿಮಿಗಳನ್ನು ಮಲಜ, ಶೋಣಿತಜ, ಶ್ಲೇಷ್ಮಜ, ಪುರೀಷಜ ಎಂದು ನಾಲ್ಕು ವರ್ಗಗಳಾಗಿ ವಿಭಾಗಿಸಿ, ರಕ್ತಾಶ್ರಿತವಾದುವು ಅಣುವಾಗಿ, ದುಂಡಾಗಿ, ಕಾಲಿಲ್ಲದೆ ಇರುವುವೆಂದೂ, ಅವುಗಳಲ್ಲಿ ಕೆಲವು ಸೂಕ್ಷ್ಮತೆಯಿಂದಲೇ ಅದೃಶ್ಯವೆಂದೂ ಹೇಳಿದೆ. ಸುಶ್ರುತನೂ ಉತ್ತರತಂತ್ರದಲ್ಲಿ ಕೇಶಾದ ಮೊದಲಾದುವನ್ನು ಅದೃಶ್ಯವೆಂದೇ ಎಣಿಸಿದ್ದಾನೆ. ಇದು ಗಮನಾರ್ಹವಾದ ಅನುಮಾನ. ಇದನ್ನು ಕಡಿಮೆಯೆಂದು ಹೇಳಲಾಗದು. ಆದರೆ ಅನುಮಾನವು ಎಷ್ಟು ದೂರ ಹೋಗಿದೆ ಎಂಬುದೇ ವಿಚಾರ್ಯ. ಸುಶ್ರುತನ ನಿದಾನಸ್ಥಾನದ ಐದನೆಯ ಅಧ್ಯಾಯದಲ್ಲಿ ಕುಷ್ಠ, ಜ್ವರ, ಶೋಷ, ನೇತ್ರಾಭಿಷ್ಯಂದಗಳು ಮೈ ತಾಗುವುದರಿಂದ, ಉಸಿರಿನಿಂದ, ಸಹಭೋಜನದಿಂದ, ಒಂದೇ ಹಾಸಿಗೆ ಬಟ್ಟೆ ಹೂಮಾಲೆಗಳಿಂದ ಒಬ್ಬರಿಂದ ಒಬ್ಬರಿಗೆ ಸಂಕ್ರಮಿಸುವುವೆಂದು ಹೇಳಿದೆ. ಅದೇ ಅಧ್ಯಾಯದಲ್ಲಿ ಎಲ್ಲ ಕುಷ್ಠಗಳೂ ವಾತಪಿತ್ತಕಫಗಳಿಂದಲೂ ಕ್ರಿಮಿಗಳಿಂದಲೂ ಕೂಡಿರುವುವೆಂದೂ ಇದೆ. ಎರಡು ವಾಕ್ಯಗಳೂ ಒಂದೇ ಅಧ್ಯಾಯದಲ್ಲಿವೆ. ಆದರೂ ಒಬ್ಬನ ಮೈಯಿಂದ ಇನ್ನೊಬ್ಬನ ಮೈಗೆ ಹೋಗುವುದು ಕ್ರಿಮಿಯೇ ಎಂಬ ಮೂರನೆಯ ವಾಕ್ಯವು ಅಲ್ಲಿಲ್ಲ. ಆ ಮೂರನೆಯ ವಾಕ್ಯವೇ ಆಧುನಿಕ ರೋಗಾಣುವಾದದ ಜೀವಾಳ. ೧೮೭೩ರಲ್ಲಿ ನಾರ್ವೆಯ ಹಾನ್ಸೆನ್ ಕುಷ್ಠರೋಗದ ದಂಡಾಣುವನ್ನೂ, ೧೮೮೨ರಲ್ಲಿ ಜರ್ಮನಿಯ ಕಾಖ್ ಕ್ಷಯರೋಗದ ದಂಡಾಣುವನ್ನೂ ಕಂಡು ತೋರಿಸಿದ ಮೇಲೆ ಅದು ಸ್ಥಿರವಾಯಿತು. ಇಲ್ಲದ ವಾಕ್ಯವನ್ನು ಅಧ್ಯಾಹಾರಮಾಡಿ ಗ್ರಂಥಕಾರನ ತಲೆಗೆ ಕಟ್ಟುವುದು ವ್ಯಾಖ್ಯಾನವಾಗಲಾರದು.

ಚರಕನ ಅದೇ ಪ್ರಕರಣದಲ್ಲಿ ಇನ್ನೊಂದು ಸಣ್ಣ ಮಾತಿದೆ. ಪೂರ್ವಪಕ್ಷಿಗಳು ಅದನ್ನು ಎತ್ತುವುದೇ ಇಲ್ಲ. ಇಪ್ಪತ್ತು ಬಗೆಗಳನ್ನು ಎಣಿಸುವಾಗ "ಸಹಜ"ಕ್ರಿಮಿಗಳನ್ನು ಲೆಕ್ಕದಿಂದ ಹೊರಗಿಟ್ಟಿದೆ. ಅವು ವಿಕಾರವನ್ನುಂಟುಮಾಡುವುವಲ್ಲವೆಂದು ಚಕ್ರಪಾಣಿದತ್ತನ ವ್ಯಾಖ್ಯಾನ. ಹುಟ್ಟಿನೊಡನೆ ಬಂದು ದೇಹದಲ್ಲಿ ನೆಲಸಿ ಕೇಡುಮಾಡದಿರುವ ಕ್ರಿಮಿಗಳೂ ಉಂಟೆಂಬ ಈ ವಿವೇಕವು ಬೆಲೆಯುಳ್ಳದ್ದು. ಮನುಷ್ಯದೇಹದಲ್ಲಿ ಸುಮಾರು ೩೮ ಲಕ್ಷಕೋಟಿ ಬ್ಯಾಕ್ಟೀರಿಯಗಳೂ ಸುಮಾರು ೩೦ ಲಕ್ಷಕೋಟಿ ಸ್ವಂತ ಜೀವಕೋಶಗಳೂ ಇವೆಯೆಂದು ೨೦೧೬ರಲ್ಲಿ ಪ್ರಕಟವಾದ ಒಂದು ಗಣನೆಯು ತಿಳಿಸುತ್ತದೆ. ಆ ಬ್ಯಾಕ್ಟೀರಿಯಗಳಲ್ಲಿ ಬಹುಭಾಗ ನಿರುಪದ್ರವಿಗಳು, ಹಲವು ಉಪಕಾರಿಗಳು. ಚರಕನು ಇವನ್ನು ಕಂಡಿದ್ದನೆಂದಲ್ಲ. ಕ್ರಿಮಿಯೆಂದೊಡನೆ ರೋಗವೆನ್ನಬಾರದೆಂಬ ವಿಭಾಗಬುದ್ಧಿ ಅಲ್ಲಿತ್ತೆಂದಷ್ಟೆ.

೩

ಈಗ ಮುಖ್ಯವಾದ ಸ್ಥಳಕ್ಕೆ ಬರಬಹುದು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲನೆಯ ಪಾದದ ೨೪ನೆಯ ಸೂತ್ರವು ಹಾಲನ್ನು ದೃಷ್ಟಾಂತವಾಗಿ ಹಿಡಿಯುತ್ತದೆ. ಕುಂಬಾರನಿಗೆ ಚಕ್ರ ದಂಡಾದಿಗಳು ಬೇಕಾಗಿರುವಂತೆ ಜಗತ್ಕಾರಣವಾದ ಬ್ರಹ್ಮಕ್ಕೂ ಹೊರಗಿನ ಸಾಧನ ಬೇಡವೇ ಎಂಬ ಆಕ್ಷೇಪಕ್ಕೆ, ಹಾಲು ಹೊರಗಿನ ಸಾಧನವಿಲ್ಲದೆ ತಾನೇ ಮೊಸರಾಗುವಂತೆ ಎಂಬುದು ಸಮಾಧಾನ. ಶಂಕರಾಚಾರ್ಯರು ಭಾಷ್ಯದಲ್ಲಿ ಪ್ರತಿವಾದಿಯ ಬಾಯಿಂದಲೇ ಶಂಕೆಯನ್ನು ಎತ್ತಿಸುತ್ತಾರೆ: ಹಾಲಿಗೂ ಕಾವು ಮೊದಲಾದ ಹೊರಗಿನ ಸಾಧನ ಬೇಕಲ್ಲವೆ? ಅದಕ್ಕೆ ಉತ್ತರವು ಎರಡು ಭಾಗವಾಗಿದೆ. ಕಾವು ಮೊದಲಾದುವು ಪರಿಣಾಮವನ್ನು ತ್ವರೆಗೊಳಿಸುತ್ತವೆಯೇ ಹೊರತು ಉಂಟುಮಾಡುವುದಿಲ್ಲವೆಂಬುದು ಒಂದು. ಹಾಲಿನಲ್ಲಿ ಮೊಸರಾಗುವ ಶಕ್ತಿ ಸ್ವತಃ ಇಲ್ಲದಿದ್ದರೆ ಕಾವಿನ ಬಲಾತ್ಕಾರದಿಂದಲೂ ಆಗುತ್ತಿರಲಿಲ್ಲ, ಗಾಳಿಯನ್ನೋ ಆಕಾಶವನ್ನೋ ಕಾಯಿಸಿ ಮೊಸರುಮಾಡಲಾಗದಷ್ಟೆ ಎಂಬುದು ಇನ್ನೊಂದು.

ಹೆಪ್ಪನ್ನು ಆಚಾರ್ಯರು ಅರಿಯದವರಲ್ಲ. ತೈತ್ತಿರೀಯಸಂಹಿತೆಯ ಎರಡನೆಯ ಕಾಂಡದ ಐದನೆಯ ಪ್ರಪಾಠಕದಲ್ಲಿ ಸಾನ್ನಾಯ್ಯದ ಹಾಲಿಗೆ ಪೂತೀಕ, ಮುತ್ತುಗದ ತೊಗಟೆ, ಬೋರೆಯ ಹಣ್ಣು, ಅಕ್ಕಿ, ಮೊಸರು ಇವುಗಳಲ್ಲಿ ಯಾವುದರಿಂದ ಹೆಪ್ಪುಹಾಕಬೇಕೆಂಬ ವಿಚಾರವೇ ಇದೆ; ನಿರ್ಣಯವು ಮೊಸರಿಗೆ. ಭಾಷ್ಯದ "ಕಾವು ಮೊದಲಾದ" ಎಂಬಲ್ಲಿನ ಆದಿಶಬ್ದದಿಂದ ಈ ಹೆಪ್ಪನ್ನೂ ಗ್ರಹಿಸಬಹುದು. ಆದರೂ ಅದು ತ್ವರಕಮಾತ್ರವೆಂದೇ ಅಲ್ಲಿನ ಅಭಿಪ್ರಾಯ.

ಇದನ್ನು ಅನ್ವಯವ್ಯತಿರೇಕಗಳಿಂದ ಪರೀಕ್ಷಿಸಿದ ಕಥೆ ಹತ್ತೊಂಬತ್ತನೆಯ ಶತಮಾನದ್ದು. ಫ್ರಾನ್ಸಿನ ಪಾಶ್ಚರ್ ಮಹಾಶಯನು ೧೮೫೭ರಲ್ಲಿ ಹಾಲಿನ ಹುಳಿಗೆ ಕಾರಣವಾದ ಸೂಕ್ಷ್ಮಜೀವಿಯನ್ನು ನಿರೂಪಿಸಿದನು. ಇಂಗ್ಲೆಂಡಿನ ಶಸ್ತ್ರವೈದ್ಯ ಲಿಸ್ಟರ್ ಹುಳಿತ ಹಾಲನ್ನು ಅತ್ಯಂತ ತೆಳುವಾಗುವಂತೆ ನೀರಿನಲ್ಲಿ ಬೆರಸಿ, ಅದರ ಹನಿಗಳನ್ನು ಕಾಯಿಸಿಟ್ಟ ಹಾಲಿನ ಬಟ್ಟಲುಗಳಿಗೆ ಬೇರೆಬೇರೆಯಾಗಿ ಹಾಕಿದನು. ಜೀವಿಯು ಬಿದ್ದ ಬಟ್ಟಲು ಹೆಪ್ಪುಗಟ್ಟಿತು, ಬೀಳದ ಬಟ್ಟಲು ಹಾಲಾಗಿಯೇ ಉಳಿಯಿತು. ೧೮೭೮ರಲ್ಲಿ ಇದನ್ನು ಪ್ರಕಟಿಸಿದನು. ಈಗ ಸುಮಾರು ೧೩೫ ಡಿಗ್ರಿ ಸೆಂಟಿಗ್ರೇಡಿಗೂ ಮೇಲಾಗಿ ಕೆಲವು ಕ್ಷಣ ಕಾಯಿಸಿ, ಗಾಳಿಯಾಡದಂತೆ ಮುಚ್ಚಿ ಮಾರುವ ಹಾಲು ತಿಂಗಳುಗಟ್ಟಲೆ ಮೊಸರಾಗದಿರುವುದನ್ನು ಯಾರಾದರೂ ನೋಡಬಹುದು. ಆ ಜೀವಿಗಳು ಹಾಲಿನ ಸಕ್ಕರೆಯನ್ನು ತಿಂದು ಆಮ್ಲವನ್ನು ಬಿಡುತ್ತವೆ. ಆಮ್ಲವು ಹೆಚ್ಚಾದಂತೆ ಹಾಲಿನ ಕೇಸೀನ್ ಎಂಬ ಸಾರವು ಗಟ್ಟಿಯಾಗುತ್ತದೆ. ಬೆಚ್ಚನೆಯ ಸ್ಥಳದಲ್ಲಿ ಅವು ಬೇಗನೆ ಬೆಳೆಯುವುದರಿಂದ ಕಾವು ತ್ವರೆಗೊಳಿಸುವುದೆಂಬ ಮಾತು ಸರಿಯಾಯಿತು. ಸಕ್ಕರೆ ಕೇಸೀನ್‌ಗಳಿಲ್ಲದ ವಸ್ತುವನ್ನು ಯಾವ ಜೀವಿಯೂ ಮೊಸರುಮಾಡಲಾರದಾದುದರಿಂದ ಉಪಾದಾನದ ಯೋಗ್ಯತೆಯನ್ನು ಕುರಿತ ಎರಡನೆಯ ಭಾಗವೂ ಸರಿಯಾಯಿತು. ಹೊರಗಿನ ಸಾಧನದ ಅಪೇಕ್ಷೆಯೇ ಇಲ್ಲವೆಂಬ ಅಂಶವೊಂದು ಮಾತ್ರ ಉಳಿಯಲಿಲ್ಲ.

ಇಲ್ಲಿಯೇ ಪೂರ್ವಪಕ್ಷದ ಮರ್ಮವಿದೆ. ಸೂಕ್ಷ್ಮಜೀವಿಗಳೇ ಹಾಲನ್ನು ಮೊಸರುಮಾಡುತ್ತವೆಂದು ಪ್ರಾಚೀನರು ಬಲ್ಲವರಾಗಿದ್ದರೆ, ಹಾಲು ತಾನೇ ಮೊಸರಾಗುವುದೆಂದು ಭಾಷ್ಯಕಾರರು ಬಲ್ಲವರಾಗಿಯೇ ಅಸತ್ಯವನ್ನು ನುಡಿದಂತಾಗುತ್ತದೆ. ಎದುರಾಳಿಯು ಎತ್ತಬಹುದಾಗಿದ್ದ ಅತ್ಯಂತ ಬಲವಾದ ಆಕ್ಷೇಪವನ್ನು ಮುಚ್ಚಿಟ್ಟಂತೆಯೂ ಆಗುತ್ತದೆ. ಎದುರಾಳಿಯ ಯುಕ್ತಿಯನ್ನು ಪೂರ್ಣಬಲದಿಂದ ಮಂಡಿಸಿ ಅನಂತರ ಖಂಡಿಸುವುದು ಅವರ ಮರ್ಯಾದೆ. ಆದುದರಿಂದ, ಆ ಕಾಲದ ಲೋಕಾನುಭವವು ಎಷ್ಟನ್ನು ತೋರಿಸಿತೋ ಅಷ್ಟನ್ನು ಪ್ರಾಮಾಣಿಕವಾಗಿ ಹಿಡಿದು ವಿಚಾರಮಾಡಿದರೆಂಬುದೇ ಅವರಿಗೆ ತಕ್ಕ ಮಾತು.

ದೃಷ್ಟಾಂತವು ಒಂದಂಶದಲ್ಲಿ ಸಡಿಲಿತೆಂದು ಸಿದ್ಧಾಂತವು ಬೀಳುವುದೆ ಎಂದರೆ, ಅದೂ ಇಲ್ಲ. ಮುಂದಿನ ಸೂತ್ರವೇ ದೇವಾದಿಗಳ ದೃಷ್ಟಾಂತವನ್ನು ಕೊಡುತ್ತದೆ. ಭಾಷ್ಯವು ತನ್ನಿಂದಲೇ ನೂಲನ್ನು ಹೊರಡಿಸುವ ಜೇಡವನ್ನು ಸೇರಿಸುತ್ತದೆ. ದೃಷ್ಟಾಂತದ ಕೆಲಸ ಬುದ್ಧಿಗೆ ಹತ್ತಿಸುವುದು. ದಾರ್ಷ್ಟಾಂತಿಕಕ್ಕೆ ಪ್ರಮಾಣವು ಬೇರೆಯೇ ಇದೆ.

೪

ಇದರ ಜೊತೆಗೆ ನೋಡತಕ್ಕ ಇನ್ನೊಂದು ದೃಷ್ಟಾಂತ ಚಾರ್ವಾಕರದು. ಕಿಣ್ವ ಮೊದಲಾದುವು ಕೂಡಿದಾಗ ಮೊದಲಿಲ್ಲದ ಮದಶಕ್ತಿ ಹುಟ್ಟುವಂತೆ, ಜಡಭೂತಗಳು ದೇಹಾಕಾರವಾಗಿ ಕೂಡಿದಾಗ ಚೈತನ್ಯ ಹುಟ್ಟುತ್ತದೆಂಬುದು ಅವರ ವಾದ. ಹದಿನಾಲ್ಕನೆಯ ಶತಮಾನದ ಸರ್ವದರ್ಶನಸಂಗ್ರಹದ ಮೊದಲಲ್ಲಿಯೇ ಇದು ಬಂದಿದೆ. ಕಿಣ್ವವೆಂದರೇನು? ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷಪ್ರಕರಣದಲ್ಲಿ ಉದ್ದಿನ ಹಿಟ್ಟು, ಅಕ್ಕಿ, ಕೆಲವು ಮೂಲಿಕೆಗಳನ್ನು ಕೂಡಿಸಿ ಕಟ್ಟುವ ಮದ್ಯಬೀಜವೇ ಕಿಣ್ವ. ಮದ್ಯವನ್ನು ಹುಟ್ಟಿಸುವ ಬಲವು ಅದರಲ್ಲಿ ನೆಲಸಿದ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳದು. ಎಂದ ಮೇಲೆ ಚಾರ್ವಾಕನು ಜಡವೆಂದು ತಂದ ವಸ್ತುವಿನೊಳಗೇ ಜೀವವು ಕುಳಿತಿತ್ತು!

ಆದರೆ ಇಷ್ಟರಿಂದಲೇ ಚಾರ್ವಾಕನನ್ನು ಗೆದ್ದೆವೆಂದು ಹೇಳುವುದು ಆತುರ. ೧೮೯೭ರಲ್ಲಿ ಜರ್ಮನಿಯ ಬೂಖ್ನರ್ ಯೀಸ್ಟನ್ನು ಅರೆದು ಹಿಂಡಿ, ಜೀವಕೋಶವೊಂದೂ ಇಲ್ಲದ ರಸದಿಂದಲೇ ಸಕ್ಕರೆಯು ಮದ್ಯಸಾರವಾಗುವುದನ್ನು ತೋರಿಸಿದನು. ೧೯೦೭ರಲ್ಲಿ ಇದಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದನು. ಪರಿವರ್ತನೆಯನ್ನು ಮಾಡುವುದು ಜೀವಿಯೊಳಗಿನ ಒಂದು ದ್ರವ್ಯವೆಂದಾಯಿತು. ಆ ದ್ರವ್ಯವನ್ನು ಅಲ್ಲಿ ಹುಟ್ಟಿಸಿದುದು ಜೀವಿಯೇ ಎಂದು ಒಂದು ಪಕ್ಷ, ದ್ರವ್ಯವು ಸ್ವತಃ ಜಡವೆಂದು ಇನ್ನೊಂದು ಪಕ್ಷ. ವಾದವು ಮತ್ತೊಂದು ಮೆಟ್ಟಿಲಿಗೆ ಇಳಿಯಿತೇ ಹೊರತು ಮುಗಿಯಲಿಲ್ಲ.

ಇಲ್ಲಿ ಜೈನಶಾಸ್ತ್ರವನ್ನು ಪ್ರಮಾಣವಾಗಿ ತರುವವರೂ ಉಂಟು. ಅಮೃತಚಂದ್ರಸೂರಿಯ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮದ್ಯವು ರಸಜವಾದ ಅನೇಕ ಜೀವಗಳಿಗೆ ಯೋನಿಯಾದುದರಿಂದ ಅದನ್ನು ಕುಡಿಯುವವನಿಗೆ ಹಿಂಸಾದೋಷವು ತಪ್ಪದೆಂದು ಹೇಳಿದೆ. ಹುಳಿತ ರಸದಲ್ಲಿ ಕಾಣದ ಜೀವಗಳಿವೆಯೆಂದು ಅಹಿಂಸಾದೃಷ್ಟಿಯಿಂದ ಹೊರಟು ನಿಶ್ಚಯಿಸಿದುದು ಆಶ್ಚರ್ಯಕರವೇ ಸರಿ. ಪ್ರಾಚೀನರ ಮಾತುಗಳಲ್ಲಿ ಸತ್ಯಕ್ಕೆ ಅತಿಸಮೀಪವಾದುದು ಇದು. ಆದರೂ ಮದ್ಯದಲ್ಲಿ ಜೀವಗಳು ಹುಟ್ಟುತ್ತವೆಂದು ಅಲ್ಲಿ ಹೇಳಿದೆಯೇ ಹೊರತು, ಜೀವಗಳಿಂದ ಮದ್ಯವು ಹುಟ್ಟುತ್ತದೆಂದಲ್ಲ. ಕಾರ್ಯಕಾರಣಗಳ ಸ್ಥಾನವು ಅದಲುಬದಲಾಗಿದೆ.

೫

ಹಾಗಾದರೆ ಪ್ರಾಚೀನರ ಹಿರಿಮೆ ಎಲ್ಲಿದೆ? ಕರ್ತೃವನ್ನು ಕಾಣದೆಯೂ ಕಾರ್ಯವನ್ನು ಪಳಗಿಸಿದುದರಲ್ಲಿದೆ. ಚರಕನ ಸೂತ್ರಸ್ಥಾನದ ೨೫ನೆಯ ಅಧ್ಯಾಯದಲ್ಲಿ ಧಾನ್ಯ, ಫಲ, ಮೂಲ, ಸಾರ, ಪುಷ್ಪ, ಕಾಂಡ, ಪತ್ರ, ತ್ವಕ್, ಶರ್ಕರೆ ಎಂಬ ಒಂಬತ್ತು ಯೋನಿಗಳಿಂದ ೮೪ ಆಸವಗಳನ್ನು ಎಣಿಸಿದೆ. ಆಸವಾರಿಷ್ಟಗಳಿಗೆ ಧಾತಕೀಪುಷ್ಪವನ್ನು ಹಾಕುವ ಸಂಪ್ರದಾಯಕ್ಕೆ ಆ ಹೂವಿನೊಡನೆ ಬರುವ ಯೀಸ್ಟ್ ಒಂದು ಕಾರಣವೆಂದು ಈಗ ತಿಳಿದಿದೆ. ಕನ್ನಡದಲ್ಲಿ ವಡ್ಡಾರಾಧನೆಯು ಇಡ್ಡಲಿಗೆಯನ್ನು ಹೆಸರಿಸುತ್ತದೆ. ಸುಮಾರು ೧೦೨೫ರ ಚಾವುಂಡರಾಯನ ಲೋಕೋಪಕಾರವು ಉದ್ದನ್ನು ಮಜ್ಜಿಗೆಯಲ್ಲಿ ನೆನಸಿ ರುಬ್ಬುವ ಕ್ರಮವನ್ನು ಹೇಳುತ್ತದೆ. ರಾಗಿಯ ಹೊಲದಲ್ಲಿ ಅವರೆ ತೊಗರಿಗಳನ್ನು ಅಕ್ಕಡಿಸಾಲಾಗಿ ಬಿತ್ತುವ ಒಕ್ಕಲಿಗನು, ದ್ವಿದಳಧಾನ್ಯಗಳ ಬೇರಿನ ಗಂಟುಗಳಲ್ಲಿ ವಾಯುವಿನ ಸಾರಜನಕವನ್ನು ಹಿಡಿದಿಡುವ ಜೀವಿಗಳಿವೆಯೆಂದು ತಿಳಿದವನಲ್ಲ; ಅದನ್ನು ಬೈಯರಿಂಕ್ ಬೇರ್ಪಡಿಸಿ ತೋರಿಸಿದುದು ೧೮೮೮ರಲ್ಲಿ. ಆದರೆ ಬೆಳೆಯ ಗುಣವನ್ನು ಒಕ್ಕಲಿಗನು ಹೊಲದಲ್ಲಿ ಕಂಡಿದ್ದನು. ಇದು ಪ್ರಯೋಗಜ್ಞಾನ, ಕಾರಣಜ್ಞಾನಕ್ಕಿಂತ ಬೇರೆಯಾದರೂ ಹೀನವಾದುದಲ್ಲ.

ಈ ವಿವೇಕದ ಪ್ರಯೋಜನವು ಶಬ್ದಪ್ರಯೋಗದಲ್ಲಿಯೂ ಉಂಟು. ಕನ್ನಡದ ವಿಜ್ಞಾನಪುಸ್ತಕಗಳು ಬೂಖ್ನರ್ ಕಂಡ ಬಗೆಯ ದ್ರವ್ಯಕ್ಕೆ ಕಿಣ್ವವೆಂಬ ಹೆಸರನ್ನು ಕೊಟ್ಟಿವೆ. ಹೆಸರು ರೂಢವಾಗಿರುವುದರಿಂದ ಅದನ್ನು ಬಿಡಬೇಕಾಗಿಲ್ಲ. ಆದರೆ ಅರ್ಥಶಾಸ್ತ್ರದ ಕಿಣ್ವವನ್ನು ಓದುವಾಗ ಈ ಹೊಸ ಅರ್ಥವನ್ನು ಅಲ್ಲಿಗೆ ಒಯ್ಯಬಾರದು. ಹಾಗೆಯೇ ಅಥರ್ವದ ಕ್ರಿಮಿಯನ್ನು ಬ್ಯಾಕ್ಟೀರಿಯವೆಂದು ಅನುವಾದಿಸಬಾರದು. ಮೊಸರು, ಗೊಬ್ಬರ, ಔಷಧಗಳನ್ನು ಕೊಡುವ ಸೂಕ್ಷ್ಮಜೀವಿಗಳನ್ನೆಲ್ಲ ರೋಗಾಣುವೆಂದೂ ಕರೆಯಬಾರದು. ಮೊದಲನೆಯದು ಹಳೆಯ ಗ್ರಂಥಕ್ಕೆ ಅಪಚಾರ, ಎರಡನೆಯದು ಹೊಸ ಶಾಸ್ತ್ರಕ್ಕೆ ಅಪಚಾರ.

ಆಸವಪ್ರಕರಣಗಳನ್ನೂ ಸೂಪಶಾಸ್ತ್ರಗಳನ್ನೂ ಶುದ್ಧಪಾಠದೊಡನೆ ಸಂಪಾದಿಸಿ, ಅಲ್ಲಿ ಹೇಳಿದ ದ್ರವ್ಯ, ಪ್ರಮಾಣ, ಕಾಲಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರೆ ಪಂಡಿತನಿಗೂ ವಿಜ್ಞಾನಿಗೂ ಮಾಡಲು ಬೇಕಾದಷ್ಟು ಕೆಲಸವಿದೆ. ಪ್ರಾಚೀನರು ಹೇಳದಿದ್ದುದನ್ನು ಹೇಳಿದರೆಂದು ಸಾಧಿಸುವ ಶ್ರಮವನ್ನು, ಅವರು ನಿಜವಾಗಿ ಹೇಳಿದುದನ್ನು ತಿಳಿಯುವುದರಲ್ಲಿ ವಿನಿಯೋಗಿಸುವುದು ಯುಕ್ತ.