ಖಾಲಿ ತಟ್ಟೆಯೂ ಲೆಕ್ಕಕ್ಕೆ ಬರುತ್ತದೆ

ಪ್ರಯೋಗಾಲಯದ ಜೀವವಿಜ್ಞಾನಿಗಳಿಗೆ ಗಣಿತದ ಮಾದರಿ ಕಲಿಸಲು 1943ರ ಲೂರಿಯಾ–ಡೆಲ್‌ಬ್ರೂಕ್ ಪ್ರಯೋಗಕ್ಕಿಂತ ಒಳ್ಳೆಯ ಪಾಠ ನನಗಂತೂ ಕಂಡಿಲ್ಲ. ಲೂರಿಯಾ ವೈದ್ಯಕೀಯ ಓದಿದವರು, ಡೆಲ್‌ಬ್ರೂಕ್ ಭೌತವಿಜ್ಞಾನಿ. ಇಂಥ ಜೋಡಿಯಿಂದಲೇ ಹುಟ್ಟಬೇಕಾದ ಕೆಲಸ ಅದು.

ಪ್ರಶ್ನೆ ಇಷ್ಟೆ: ವೈರಸ್ಸಿಗೆ ಬಗ್ಗದ ಬ್ಯಾಕ್ಟೀರಿಯಾ, ವೈರಸ್ ತಗುಲಿದ ಮೇಲೆ ಹಾಗಾಗುತ್ತವೋ, ಮೊದಲೇ ಹಾಗಿರುತ್ತವೋ? ಬೇರೆ ಬೇರೆ ಟ್ಯೂಬುಗಳಲ್ಲಿ ಬೆಳೆಸಿ, ವೈರಸ್ ಬಳಿದ ತಟ್ಟೆಗಳಿಗೆ ಹಾಕಿ, ಬದುಕುಳಿದ ಕಾಲೊನಿಗಳನ್ನು ಎಣಿಸಬೇಕು. ತಗುಲಿದ ಮೇಲಿನ ಬದಲಾವಣೆಯಾದರೆ ಎಣಿಕೆಗಳ ಸರಾಸರಿಯೂ ವೇರಿಯನ್ಸೂ ಹೆಚ್ಚುಕಮ್ಮಿ ಒಂದೇ ಇರಬೇಕು. ಮ್ಯುಟೇಶನ್ ಮೊದಲೇ, ಅದೂ ಬೆಳವಣಿಗೆಯ ಆರಂಭದಲ್ಲೇ ಆಗಿಬಿಟ್ಟರೆ ಅದರ ಸಂತತಿ ದುಪ್ಪಟ್ಟಾಗುತ್ತಲೇ ಹೋಗಿ, ಆ ಒಂದು ತಟ್ಟೆಯಲ್ಲಿ ಕಾಲೊನಿಗಳು ನೂರು ದಾಟುತ್ತವೆ. ಪಕ್ಕದ ತಟ್ಟೆ ಖಾಲಿ. ಅವರು ಕಂಡದ್ದು ಇದನ್ನೇ.

ಇಂಥ ಏರುಪೇರನ್ನು ಕೈತಪ್ಪೆಂದು ಬದಿಗಿಟ್ಟು ರೂಢಿಯಾದವರಿಗೆ, ಉತ್ತರ ಇರುವುದೇ ಅದರಲ್ಲಿ ಎಂದು ತಿಳಿಯುವ ಗಳಿಗೆ ಬಹಳ ದೊಡ್ಡದು. ಖಾಲಿ ತಟ್ಟೆಗಳ ಪಾಲನ್ನು ಹಿಡಿದೇ ಮ್ಯುಟೇಶನ್ನಿನ ದರ ಅಂದಾಜು ಮಾಡಬಹುದು ಎಂದು ತೋರಿಸಿದರೆ, ಸಮೀಕರಣ ಕಂಡರೆ ಹಿಂಜರಿಯುತ್ತಿದ್ದವರೂ ತಮ್ಮ ಹಳೆಯ ಲ್ಯಾಬ್ ನೋಟ್‌ಬುಕ್ಕಿನ ಎಣಿಕೆಗಳನ್ನು ಮತ್ತೆ ಹುಡುಕತೊಡಗುತ್ತಾರೆ.