ಸಾತಮ್-ಆಠಮ್ ಆಟಕ್ಕೆ ಮಂಚ್‌ಕಿನ್

ಶ್ರಾವಣ ಬಹುಳ ಸಪ್ತಮಿಯಂದು ಗುಜರಾತಿನ ಬಹಳಷ್ಟು ಮನೆಗಳಲ್ಲಿ ಒಲೆ ಹೊತ್ತಿಸುವುದಿಲ್ಲ. ಹಿಂದಿನ ದಿನ, ರಾಂಧಣ ಛಠ್‌ಗೆ ಮಾಡಿಟ್ಟ ಥೇಪ್ಲಾ, ವಡಾಗಳನ್ನೇ ತಣ್ಣಗೆ ತಿನ್ನುತ್ತಾರೆ. ಅಡುಗೆಯ ಗೊಡವೆಯಿಲ್ಲದ ಆ ಶೀತಳಾ ಸಾತಮ್ ಮಧ್ಯಾಹ್ನ, ಮರುದಿನ ಗೋಕುಲಾಷ್ಟಮಿಯ ಜಾಗರಣೆ, ಎರಡೂ ಇಸ್ಪೀಟಿನ ಹೊತ್ತು. ಸೌರಾಷ್ಟ್ರದಲ್ಲಿ ಈ ರೂಢಿ ಜೋರು. ಅಹಮದಾಬಾದ್, ವಡೋದರ, ಸೂರತ್‌ಗಳ ಫ್ಲ್ಯಾಟುಗಳಲ್ಲೂ ಅದು ಬಿಟ್ಟುಹೋಗಿಲ್ಲ. ಆಡುವುದು ಹೆಚ್ಚಾಗಿ ತೀನ್ ಪತ್ತಿ. ಹಣ ಕಟ್ಟಿದರೆ ಅದು ‘ಶ್ರಾವಣಿಯೋ ಜುಗಾರ್’. 1887ರ ಜೂಜು ತಡೆ ಕಾಯ್ದೆ ಹಿಡಿದು ಪೊಲೀಸರು ಪ್ರತಿವರ್ಷ ದಾಳಿ ನಡೆಸುತ್ತಾರೆ.

ಹಣವಿಲ್ಲದೆ ಅಷ್ಟೇ ಗದ್ದಲ ಎಬ್ಬಿಸುವ ಆಟ ಯಾವುದು? ಮಂಚ್‌ಕಿನ್‌ಗೆ ಆ ಯೋಗ್ಯತೆ ಇದೆಯೇ ಎಂದು ಈ ಹಬ್ಬದ ಅಳತೆಯಲ್ಲೇ ನೋಡಬೇಕು. ಅಮೆರಿಕದ ಸ್ಟೀವ್ ಜಾಕ್ಸನ್ ರೂಪಿಸಿ, ಜಾನ್ ಕೊವಾಲಿಕ್ ಚಿತ್ರ ಬರೆದ ಈ ಆಟ ಬಂದದ್ದು 2001ರಲ್ಲಿ. 168 ಎಲೆ, ಒಂದು ದಾಳ, ಮೂರರಿಂದ ಆರು ಜನ. ಗುಹೆಯ ಬಾಗಿಲು ಒದೆಯಬೇಕು, ಎದುರಾದ ರಕ್ಕಸನನ್ನು ಸೋಲಿಸಬೇಕು, ನಿಧಿ ಎತ್ತಿಕೊಳ್ಳಬೇಕು. ಮೊದಲು ಹತ್ತನೇ ಲೆವೆಲ್ ಮುಟ್ಟಿದವರು ಗೆದ್ದಂತೆ. ರಕ್ಕಸರ ಪೈಕಿ ಪ್ಲುಟೋನಿಯಂ ಡ್ರ್ಯಾಗನ್ ಇದೆ, ಕುಂಡದಲ್ಲಿನ ಗಿಡವೂ ಇದೆ.

ಇದರ ಜೀವ ಇರುವುದು ಚೌಕಾಸಿಯಲ್ಲಿ. ನಿಮ್ಮ ಬಲ ಸಾಲದಿದ್ದರೆ ಪಕ್ಕದವರ ನೆರವು ಕೇಳಬಹುದು, ಬದಲಿಗೆ ನಿಧಿಯಲ್ಲಿ ಪಾಲು ಕೊಡಬೇಕು. ಅಷ್ಟರಲ್ಲಿ ಎದುರು ಕೂತವರು ಎಲೆ ಎಸೆದು ರಕ್ಕಸನನ್ನೇ ಬಲಪಡಿಸಬಹುದು. ಮಾವ ಸೊಸೆಯ ನೆರವಿಗೆ ನಿಲ್ಲುತ್ತಾನೆ, ತಮ್ಮ ಅಣ್ಣನ ಬೆನ್ನಿಗೆ ಇರಿಯುತ್ತಾನೆ, ಯಾರ ಸರದಿಯಾದರೂ ಎಲ್ಲರಿಗೂ ಕೆಲಸವಿದೆ. ತೀನ್ ಪತ್ತಿಯಲ್ಲಿ ಎಲೆ ಮಡಚಿದವರು ಮುಂದಿನ ಸುತ್ತಿನವರೆಗೆ ಬರಿಯ ಪ್ರೇಕ್ಷಕರು. ಇಲ್ಲಿ ಸತ್ತರೂ ಆಟದಿಂದ ಹೊರಬೀಳುವುದಿಲ್ಲ: ಸಾಮಾನು ಹೋಗುತ್ತದೆ, ಲೆವೆಲ್ ಉಳಿಯುತ್ತದೆ. ಹತ್ತು ವರ್ಷದ ಮಗುವನ್ನೂ ಜೊತೆಗೆ ಕೂರಿಸಿಕೊಳ್ಳುವ ಮನೆಗೆ ಇದು ದೊಡ್ಡ ಗುಣ. ಈ ಒಂದು ಕಾರಣಕ್ಕೇ ನಾನು ಮಂಚ್‌ಕಿನ್ ಪರ ವಾದಿಸುತ್ತೇನೆ.

ಆದರೆ ಆಟಕ್ಕೆ ಮುಗಿಯಲು ಬರುವುದಿಲ್ಲ. ಹತ್ತನೇ ಲೆವೆಲ್ಲನ್ನು ರಕ್ಕಸನನ್ನು ಕೊಂದೇ ಪಡೆಯಬೇಕೆಂಬ ನಿಯಮವಿದೆ. ಹಾಗಾಗಿ ಒಬ್ಬರು ಒಂಬತ್ತಕ್ಕೆ ಬಂದೊಡನೆ ಉಳಿದವರೆಲ್ಲ ಕೂಡಿಟ್ಟ ಎಲೆಗಳನ್ನು ಅವರ ಮೇಲೆ ಸುರಿಯುತ್ತಾರೆ. ಆಮೇಲೆ ಇನ್ನೊಬ್ಬರ ಮೇಲೆ, ಮತ್ತೊಬ್ಬರ ಮೇಲೆ. ಕೊನೆಗೆ ಗೆಲ್ಲುವುದು ಚೆನ್ನಾಗಿ ಆಡಿದವರಲ್ಲ, ಎಲ್ಲರ ಕೈ ಬರಿದಾದಾಗ ಸರದಿ ಬಂದವರು. ಆರು ಜನ ಕೂತರೆ ಮೊದಲಿನ ನಗು ಬತ್ತಿ, ಚಿಕ್ಕವರು ಎದ್ದು ಹೋಗಿರುತ್ತಾರೆ.

ಇನ್ನೊಂದು ತೊಡಕು ನನಗೆ ಹೆಚ್ಚು ಮುಖ್ಯ. ಈ ಆಟದ ನಗೆಯೆಲ್ಲ ಇಂಗ್ಲಿಷ್ ಬರಹದಲ್ಲಿದೆ. ಅದರಲ್ಲೂ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ ಬಲ್ಲವರ ಒಳಮಾತು ಬಹಳ. ಉದ್ಯಾನದ ಗೆಜೀಬೊ ಒಂದು ರಕ್ಕಸನಾಗಿ ಬರುತ್ತದೆ. ಆ ಬಳಗದ ಹಳೆಯ ಕತೆ ಗೊತ್ತಿಲ್ಲದವರಿಗೆ ಅದು ಬರೀ ಮಂಟಪ. ಗುಜರಾತಿ ಓದುವ ಅಜ್ಜಿ, ಕನ್ನಡ ಓದುವ ಅತ್ತೆ ಒಂದೇ ಮೇಜಿಗೆ ಕೂತ ವಡೋದರದ ಮನೆಯಲ್ಲಿ ಪ್ರತಿ ಎಲೆಯನ್ನೂ ಒಬ್ಬರು ಓದಿ ಹೇಳಬೇಕು. ಗುಟ್ಟಾಗಿಡಬೇಕಾದ ಎಲೆ ಬಯಲಾದರೆ ಚೌಕಾಸಿಗೆ ಅರ್ಥವೆಲ್ಲಿ?

ನಮ್ಮ ಮೈಸೂರಿನ ಗಂಜೀಫಾ ಈ ಪ್ರಶ್ನೆಗೆ ಎಂದೋ ಉತ್ತರ ಕಂಡುಕೊಂಡಿತ್ತು. ದಶಾವತಾರ ಗಂಜೀಫಾದಲ್ಲಿ ದುಂಡನೆಯ 120 ಎಲೆ. ಅವತಾರಕ್ಕೆ ಹನ್ನೆರಡರಂತೆ ರಾಜ, ಮಂತ್ರಿ, ಒಂದರಿಂದ ಹತ್ತು. ಮೀನು ಕಂಡರೆ ಮತ್ಸ್ಯ, ಕೊಡಲಿ ಕಂಡರೆ ಪರಶುರಾಮ. ಅಕ್ಷರದ ಹಂಗೇ ಇಲ್ಲ, ಕತೆ ಎಲ್ಲರಿಗೂ ಮೊದಲೇ ಗೊತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಇಂಥ ಆಟಗಳಿಗೇ ಜಾಗ ಕೊಟ್ಟರು. ಗಂಜೀಫಾದಲ್ಲಿ ಮಂಚ್‌ಕಿನ್‌ನ ಹುಡುಗಾಟವಿಲ್ಲ, ಮಧ್ಯೆ ಬಾಯಿ ಹಾಕುವ ಸ್ವಾತಂತ್ರ್ಯವೂ ಇಲ್ಲ. ಆ ಚಿತ್ರಭಾಷೆಗೆ ಈ ಚೌಕಾಸಿ ಕೂಡಿದ ಆಟವೊಂದನ್ನು ಯಾರಾದರೂ ಮಾಡಿದರೆ ನಾನು ಮೊದಲ ಗಿರಾಕಿ.

ಅಲ್ಲಿಯವರೆಗೆ ಮಂಚ್‌ಕಿನ್ ಕೊಳ್ಳಿ, ನಾಲ್ಕೇ ಜನ ಕೂರಿ, ಎಲ್ಲರೂ ಇಂಗ್ಲಿಷ್ ಓದುವವರಾಗಿರಲಿ. ಗೆಲುವನ್ನು ಏಳನೇ ಲೆವೆಲ್ಲಿಗೆ ಇಳಿಸಿಕೊಳ್ಳಿ. ಅಜ್ಜಿ ಕೂತ ಮೇಜಿನಲ್ಲಿ ತೀನ್ ಪತ್ತಿಯೇ ಇರಲಿ, ಹಣದ ಬದಲು ಹುಣಸೆಬೀಜ ಕಟ್ಟಿ.